ಲೆಕ್ಕಕ್ಕೆ ಬಾರದ ಮಂಡಿ

ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಅದರ ಹಿಂದುಮುಂದಿನ ದಿನಗಳಲ್ಲಿ ಪತ್ರಿಕೆಗಳ ಆರೋಗ್ಯ ಪುಟ ತೆರೆದರೆ ಒಂದೇ ರಾಗ. ವಿಜ್ಞಾನ ಎಷ್ಟೋ ಮುಂದೆ ಹೋಗಿದೆ, ಸಂಶೋಧನೆ ಬೇಕಾದಷ್ಟು ಆಗಿದೆ, ಆದರೆ ಹಳ್ಳಿಗೆ ತಲುಪಿಲ್ಲ. ಹಳ್ಳಿಯವರಿಗೆ ಅರಿವಿಲ್ಲ. ಹೇಳಿಕೊಟ್ಟ ವ್ಯಾಯಾಮವನ್ನು ಮನೆಗೆ ಹೋಗಿ ಮಾಡುವುದಿಲ್ಲ, ನೋವಿನ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಫಿಸಿಯೋಥೆರಪಿ ಕಾಲೇಜುಗಳ ವಿಚಾರ ಸಂಕಿರಣದಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಉಚಿತ ತಪಾಸಣಾ ಶಿಬಿರದ ವೇದಿಕೆಯಲ್ಲಿ ಕನ್ನಡದಲ್ಲಿ ಹೇಳುತ್ತಾರೆ. ಪರಿಹಾರವೂ ಸಿದ್ಧವಾಗಿದೆ: ಅರಿವು ಮೂಡಿಸಬೇಕು, ಇನ್ನಷ್ಟು ಶಿಬಿರ ಮಾಡಬೇಕು.

ಎಲ್ಲರೂ ತಲೆಯಾಡಿಸುವ ಈ ಮಾತು ನನಗೆ ಒಪ್ಪಿಗೆಯಿಲ್ಲ. ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಜ್ಞಾನ ತುಂಬಿಟ್ಟಿದೆ, ಸಾಗಿಸಲು ಗಾಡಿಯಿಲ್ಲ ಎಂಬ ಕಲ್ಪನೆಯೇ ಸುಳ್ಳು. ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಇಲ್ಲಿಯ ಸೊಂಟಕ್ಕೆ, ಇಲ್ಲಿಯ ಮಂಡಿಗೆ ಬೇಕಾದ ಜ್ಞಾನವನ್ನು ಯಾರೂ ಇನ್ನೂ ಉತ್ಪಾದಿಸಿಲ್ಲ. ಇರುವುದು ಬೇರೆ ಯಾರದೋ ಅಳತೆಗೆ ಹೊಲಿದ ಅಂಗಿ. ಅದು ಮೈಗೆ ಹಿಡಿಯದಿದ್ದಾಗ ತಪ್ಪು ಮೈಯದು ಎನ್ನುತ್ತಿದ್ದೇವೆ.

ತೊಗರ್ಸಿ ಶಿರಾಳಕೊಪ್ಪದ ಮಗ್ಗುಲಿನ ಊರು. ಮಲ್ಲಿಕಾರ್ಜುನನ ಗುಡಿಯಿಂದ ಹೆಸರಾದದ್ದು. ಒಂದು ಕಡೆ ಸೊರಬದ ಕಾಡು, ಇನ್ನೊಂದು ಕಡೆ ಹಿರೇಕೆರೂರಿನ ಬಯಲು. ನಡುವಿನ ಈ ಅರೆಮಲೆನಾಡಿನಲ್ಲಿ ಭತ್ತ, ಗೋವಿನಜೋಳ, ಶುಂಠಿ, ಬೋರ್‌ವೆಲ್ ನಂಬಿ ಹಬ್ಬುತ್ತಿರುವ ಅಡಿಕೆ ತೋಟ. ಕೆಲಸದ ಮಾತು ಬಂದರೆ ಇಲ್ಲಿ ಕುರ್ಚಿಗೆ ಜಾಗವೇ ಇಲ್ಲ. ನಾಟಿಗೆ ಬಗ್ಗಬೇಕು, ಕಳೆಗೆ ಕುಕ್ಕರಗಾಲಲ್ಲಿ ಕೂರಬೇಕು, ಜೋಳದ ಚೀಲಕ್ಕೆ ಬೆನ್ನು ಕೊಡಬೇಕು. ಅಡಿಕೆ ಸುಗ್ಗಿಯಲ್ಲಿ ಸುಲಿಯುವವರನ್ನು ನೋಡಿ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಇನ್ನೊಂದು ಕಾಲು ಮಡಚಿ, ಮುಂದಕ್ಕೆ ಬಾಗಿ ಒಂದೊಂದೇ ಕಾಯನ್ನು ಅಲಗಿಗೆ ಒತ್ತಿ, ತಿರುವಿ, ಸಿಪ್ಪೆ ಹಾರಿಸುತ್ತಾರೆ. ಕೂಲಿ ಡಬ್ಬದ ಲೆಕ್ಕ. ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡರೆ ಆ ಹೊತ್ತಿನ ಅಡಿಕೆ ಪಕ್ಕದವಳ ಡಬ್ಬಕ್ಕೆ ಬೀಳುತ್ತದೆ. ಹೆಚ್ಚಿನವರು ಹೆಂಗಸರು. ರಾತ್ರಿ ಊಟವಾದ ಮೇಲೂ ಲೈಟಿನ ಕೆಳಗೆ ಕೂರುತ್ತಾರೆ. ಸುಲಿಯುವ ಯಂತ್ರ ಬಂದಿದೆ ನಿಜ. ಅದು ಬಂದಮೇಲೆ ಯಾರ ಮಂಡಿಗೆ ಬಿಡುವಾಯಿತು, ಯಾರ ಕೂಲಿ ಹೋಯಿತು ಎನ್ನುವುದೂ ಅಧ್ಯಯನಕ್ಕೆ ಯೋಗ್ಯವಾದ ವಿಷಯವೇ.

ಇಂಥ ಒಬ್ಬಳು ಐವತ್ತೈದರ ಹೆಂಗಸು ಮಂಡಿನೋವೆಂದು ಪೇಟೆಯ ಯಾವುದೋ ಆಸ್ಪತ್ರೆಗೆ ಹೋದರೆ ಎಕ್ಸ್-ರೇ ನೋಡಿ ಸವೆತ ಎನ್ನುತ್ತಾರೆ. ಕೈಗೊಂದು ಝೆರಾಕ್ಸ್ ಹಾಳೆ ಬರುತ್ತದೆ. ಅದರಲ್ಲಿ ಚಿತ್ರಗಳು: ಮಂಚದ ಮೇಲೆ ಕಾಲು ಚಾಚಿ ಮಂಡಿಯಡಿ ಟವೆಲ್ ಸುರುಳಿ ಇಟ್ಟು ಒತ್ತುವುದು, ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡುವುದು. ಕೆಳಗೆ ಬೇಡಗಳ ಪಟ್ಟಿ: ನೆಲದ ಮೇಲೆ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಕಮೋಡ್ ಬಳಸಿ. ಸ್ವಚ್ಛ ಭಾರತದ ದುಡ್ಡಿನಲ್ಲಿ ಅವಳ ಹಿತ್ತಲಲ್ಲಿ ಕಟ್ಟಿಸಿದ ಶೌಚಾಲಯದಲ್ಲಿರುವುದು ಕುಕ್ಕರಿಸುವ ಬೇಸಿನ್ನೇ. ಸರ್ಕಾರ ಕಟ್ಟಿಕೊಟ್ಟದ್ದನ್ನು ಆಸ್ಪತ್ರೆಯ ಹಾಳೆ ಬೇಡ ಅನ್ನುತ್ತದೆ. "ನೆಲದ ಮೇಲೆ ಕೂರ್ಬೇಡ ಅಂದ್ರೆ ಉಣ್ಣೋದೆಲ್ಲಿ ತಮ್ಮಾ, ದುಡಿಯೋದೆಲ್ಲಿ?" ಎಂಬುದು ಅವಳ ಪ್ರಶ್ನೆ. ಹಾಳೆ ಕೊಟ್ಟ ಹುಡುಗನಿಗೆ ಅದಕ್ಕೆ ಉತ್ತರ ಕಲಿಸಿಲ್ಲ. ಅವನ ಪಠ್ಯದಲ್ಲಿ ಈ ಪ್ರಶ್ನೆಗೊಂದು ಹೆಸರು ಮಾತ್ರ ಇದೆ: ರೋಗಿಯ ಅಸಹಕಾರ.

ಹಾಳೆಯಲ್ಲಿರುವುದು ಬುಡವಿಲ್ಲದ ಮಾತೆಂದು ನಾನು ಹೇಳುತ್ತಿಲ್ಲ. ಬೀಜಿಂಗ್‌ನಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಅಲ್ಲಿಯ ವಯಸ್ಸಾದ ಹೆಂಗಸರಲ್ಲಿ ಮಂಡಿ ಸವೆತ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೆಂಗಸರಿಗಿಂತ ಹೆಚ್ಚೆಂದು ತೋರಿಸಿತು. 2004ರಲ್ಲಿ ಅದೇ ತಂಡ, ಎಳೆ ವಯಸ್ಸಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಿಸಿದವರಿಗೆ ಮುಂದೆ ಮಂಡಿ ಸವೆತದ ಸಾಧ್ಯತೆ ಹೆಚ್ಚೆಂದು ವರದಿ ಮಾಡಿತು. ಹಾಗೆಂದು ನೆಲ ಶತ್ರುವೂ ಅಲ್ಲ. ಬ್ರೆಜಿಲ್‌ನ ಕ್ಲಾಡಿಯೋ ಗಿಲ್ ಅರೌಜೋ ಮತ್ತು ಸಂಗಡಿಗರು 51ರಿಂದ 80ರ ವಯಸ್ಸಿನ 2002 ಜನರನ್ನು ನೆಲಕ್ಕೆ ಕೂರಿಸಿ ಎಬ್ಬಿಸಿದರು. ಕೈ, ಮಂಡಿ ಊರದೆ ಏಳಬಲ್ಲವರಿಗೆ ಹೋಲಿಸಿದರೆ ಊರಿ ಊರಿ ಏಳುವವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು. ನೆಲದಿಂದ ಏಳಲು ಬೇಕಾದ ಶಕ್ತಿ, ಸಮತೋಲ, ಮೈಯ ಬಾಗು ಒಟ್ಟು ಆರೋಗ್ಯದ ಸೂಚನೆಯೆಂದು ಅವರು ಓದಿದರು. ಒಂದು ಅಧ್ಯಯನ ಕುಕ್ಕರಿಸಿದರೆ ಮಂಡಿ ಸವೆಯುತ್ತದೆ ಎನ್ನುತ್ತದೆ, ಇನ್ನೊಂದು ನೆಲದಿಂದ ಏಳುವ ಸಾಮರ್ಥ್ಯ ಕಳೆದುಕೊಳ್ಳಬೇಡ ಎನ್ನುತ್ತದೆ. ಇವೆರಡರ ನಡುವೆ ತೊಗರ್ಸಿಯ ಹೆಂಗಸು ಎಷ್ಟು ಹೊತ್ತು ಕೂರಬಹುದು, ಎಷ್ಟು ಹೊತ್ತಿಗೊಮ್ಮೆ ಏಳಬೇಕು, ಎಷ್ಟು ಎತ್ತರದ ಮಣೆಯಾದರೆ ತಡೆಯುತ್ತದೆ? ಇದಕ್ಕೆ ಉತ್ತರ ಬೀಜಿಂಗಿನಲ್ಲೂ ಇಲ್ಲ, ಬ್ರೆಜಿಲ್‌ನಲ್ಲೂ ಇಲ್ಲ. ಶಿವಮೊಗ್ಗ ಜಿಲ್ಲೆಯಲ್ಲೇ ಹುಡುಕಬೇಕು. ಕುರ್ಚಿ, ಮಂಚ, ಕಮೋಡ್ ಇರುವವನಿಗೆ ಕೊಡುವ ಸಲಹೆಯನ್ನು ಇವಳಿಗೂ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ, ಅಷ್ಟೇ.

ಅಳತೆಗೋಲುಗಳ ಕಥೆಯೂ ಇದೇ. ಮಂಡಿ ಸವೆತದ ಸಂಶೋಧನೆಯಲ್ಲಿ ಲೋಕವೆಲ್ಲ ಬಳಸುವ ಪ್ರಶ್ನಾವಳಿ ವೊಮ್ಯಾಕ್. ಕೆನಡಾದ ವೆಸ್ಟರ್ನ್ ಒಂಟಾರಿಯೋ ಮತ್ತು ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಗಳಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಒಟ್ಟು 24 ಪ್ರಶ್ನೆಗಳು: ನೋವಿಗೆ 5, ಬಿಗಿತಕ್ಕೆ 2, ದಿನನಿತ್ಯದ ಓಡಾಟಕ್ಕೆ 17. ಆ ಹದಿನೇಳನ್ನು ಓದಿ ನೋಡಿ. ಕಾರಿಗೆ ಹತ್ತಿ ಇಳಿಯುವಾಗ ಎಷ್ಟು ಕಷ್ಟ? ಕಾಲುಚೀಲ ಹಾಕಿಕೊಳ್ಳುವಾಗ? ಕಾಲುಚೀಲ ತೆಗೆಯುವಾಗ? ಸ್ನಾನದ ತೊಟ್ಟಿಗೆ ಇಳಿದು ಏಳುವಾಗ? ಕಾಲುಚೀಲಕ್ಕೇ ಎರಡು ಪ್ರಶ್ನೆ! ಕಳೆ ಕೀಳುವುದಿಲ್ಲ, ಹಸುವಿನ ಕೆಚ್ಚಲ ಬಳಿ ಕುಕ್ಕರಿಸುವುದಿಲ್ಲ, ಗದ್ದೆಯ ಕೆಸರಿನಲ್ಲಿ ಹೂತ ಕಾಲನ್ನು ಎತ್ತುವುದಿಲ್ಲ. ಕೆನಡಾದವರು ಮಾಡಿದ್ದು ತಪ್ಪಲ್ಲ, ಅವರು ತಮ್ಮವರನ್ನು ಕೇಳಿ ಮಾಡಿಕೊಂಡರು. ನಾವು ನಮ್ಮವರನ್ನು ಕೇಳಲಿಲ್ಲ, ಅದಷ್ಟೇ ವ್ಯತ್ಯಾಸ. ಕೇಳಿದವರು ಇಲ್ಲವೇ ಇಲ್ಲವೆಂದೂ ಅಲ್ಲ. ಪುಣೆಯಲ್ಲಿ ಅರವಿಂದ ಚೋಪ್ರಾ ಅವರ ಸಂಧಿವಾತ ಕೇಂದ್ರ 1990ರ ದಶಕದಲ್ಲಿ ಭಿಗವಣ ಎಂಬ ಹಳ್ಳಿಯನ್ನೇ ಹಿಡಿದು ಮನೆಮನೆ ಸಮೀಕ್ಷೆ ಮಾಡಿತು. ಅದೇ ಕೇಂದ್ರ ವೊಮ್ಯಾಕ್ ಅನ್ನು ನಮ್ಮ ಕೂರುವಿಕೆಗೆ ತಕ್ಕಂತೆ ತಿದ್ದಿಕೊಂಡಿತು. ದಾರಿ ಇದೆ, ನಡೆಯುವವರು ಕಡಿಮೆ.

ಇದಕ್ಕಿಂತ ಹಳೆಯ, ಇದಕ್ಕಿಂತ ದೊಡ್ಡ ಉದಾಹರಣೆ ಜೈಪುರದ ಕಾಲು. 1960ರ ದಶಕದಲ್ಲಿ ಅಲ್ಲಿಯ ಮೂಳೆ ತಜ್ಞ ಪಿ.ಕೆ. ಸೇಠಿ, ಕಾಲು ಕಳೆದುಕೊಂಡ ಹಳ್ಳಿಗರು ಆಸ್ಪತ್ರೆಯಲ್ಲಿ ಕೊಟ್ಟ ಪಾಶ್ಚಾತ್ಯ ಮಾದರಿಯ ಕೃತಕ ಕಾಲನ್ನು ಮೂಲೆಗೆಸೆದು ಊರುಗೋಲಿಗೆ ಮರಳುವುದನ್ನು ಕಂಡರು. ಆ ಕಾಲಿಗೆ ಬೂಟು ಬೇಕಿತ್ತು, ಅದರಲ್ಲಿ ಕುಕ್ಕರಿಸಲು ಆಗುತ್ತಿರಲಿಲ್ಲ, ಗದ್ದೆಗಿಳಿಯಲು ಆಗುತ್ತಿರಲಿಲ್ಲ. ಅರಿವು ಮೂಡಿಸುವ ಶಿಬಿರ ಮಾಡಬಹುದಿತ್ತು. ಮಾಡಲಿಲ್ಲ. ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಜೊತೆ ಕೂತು ರಬ್ಬರಿನ ಪಾದವನ್ನೇ ಬೇರೆ ಮಾಡಿದರು. ಬರಿಗಾಲಲ್ಲಿ ನಡೆಯಲು, ಕೆಸರಿನಲ್ಲಿ ಇಳಿಯಲು, ಚಕ್ಕಳಮಕ್ಕಳ ಹಾಕಲು ಬರುವ ಪಾದ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ತರಗತಿಗಳಲ್ಲಿ ಜೈಪುರ ಕಾಲಿನ ಬಗ್ಗೆ ಹೆಮ್ಮೆಯಿಂದ ಪಾಠ ಮಾಡುತ್ತಾರೆ. ಅದರ ಹಿಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಪಾಠ ಮಾಡುವುದಿಲ್ಲ. ರೋಗಿ ಬಿಟ್ಟು ಹೋದದ್ದನ್ನು ಸೇಠಿ ಮಾಹಿತಿ ಎಂದು ಓದಿದರು. ನಮ್ಮ ಪ್ರಬಂಧಗಳಲ್ಲಿ ಅರ್ಧದಲ್ಲಿ ಬಿಟ್ಟುಹೋದವರು ಒಂದು ಸಾಲಿನ ಅಡಿಟಿಪ್ಪಣಿ.

ಸಂಶೋಧನೆಯ ಗುಣಮಟ್ಟ ಅಳೆಯುವ ಪದ್ಧತಿಯೇ ಈ ಕುರುಡುತನಕ್ಕೆ ಒಂದಿಷ್ಟು ಕಾರಣ. ಫಿಸಿಯೋಥೆರಪಿಯ ಪ್ರಯೋಗಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಅಂಕ ಕೊಡುವ ಸಂಗ್ರಹವೊಂದಿದೆ, ಹೆಸರು ಪೆಡ್ರೋ. 1999ರಲ್ಲಿ ಸಿಡ್ನಿಯಲ್ಲಿ ಶುರುವಾದದ್ದು. ಒಳ್ಳೆಯ ಕೆಲಸ, ಉಚಿತ ಕೂಡ. ಅದರ ಅಳತೆಪಟ್ಟಿಯಲ್ಲಿ 11 ಅಂಶಗಳಿವೆ: ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪಿಗೆ ಹಂಚಿದರೇ, ಅಳೆಯುವವನಿಗೆ ಯಾರು ಯಾವ ಗುಂಪೆಂದು ತಿಳಿಯದಂತೆ ಇಟ್ಟರೇ, ಕೊನೆತನಕ ಎಷ್ಟು ಜನ ಉಳಿದರು, ಹೀಗೆ. ಹನ್ನೊಂದು ಅಂಶ, ಆದರೆ ಅಂಕ ಹತ್ತಕ್ಕೆ. ಎಣಿಸದೆ ಬಿಟ್ಟ ಆ ಒಂದು ಅಂಶ ಯಾವುದು ಗೊತ್ತೇ? ಮೊದಲನೆಯದೇ. ಈ ಪ್ರಯೋಗಕ್ಕೆ ಜನರನ್ನು ಎಲ್ಲಿಂದ ತಂದಿರಿ, ಯಾವ ಮಾನದಂಡದಿಂದ ಆರಿಸಿದಿರಿ ಎನ್ನುವುದು. ಅದು ಫಲಿತಾಂಶ ಹೊರಗಿನವರಿಗೆ ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಸೇರಿದ್ದು, ಪ್ರಯೋಗದ ಒಳಗಿನ ಗಟ್ಟಿತನಕ್ಕಲ್ಲ, ಆದ್ದರಿಂದ ಅಂಕಕ್ಕೆ ಸೇರಿಸುವುದಿಲ್ಲ ಎಂದು ಪೆಡ್ರೋದವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತರ್ಕ ಸರಿ. ಆದರೆ ಹತ್ತಕ್ಕೆ ಎಂಟು ಬಂದ ಪ್ರಬಂಧ ಕೈಗೆ ಬಂದಾಗ ಆ ಎಂಟರೊಳಗೆ ತೊಗರ್ಸಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಪಟ್ಟಿಯಲ್ಲಿತ್ತು, ಅದಕ್ಕೆ ಅಂಕವಿರಲಿಲ್ಲ.

ಇನ್ನು ನಮ್ಮ ಕಾಲೇಜುಗಳೊಳಗೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾದಾಗಿನಿಂದ ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಹೆಚ್ಚಿನವು ಅದರಡಿ ಇವೆ. ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಎಂಪಿಟಿ ಮಾಡುವ ಪ್ರತಿಯೊಬ್ಬರೂ ಒಂದು ಥೀಸಿಸ್ ಬರೆಯಲೇಬೇಕು. ಮೊದಲ ವರ್ಷ ಸಿನಾಪ್ಸಿಸ್, ಆಮೇಲೆ ನೀತಿ ಸಮಿತಿ, ಆಮೇಲೆ ಮಾಹಿತಿ ಸಂಗ್ರಹ. ಇಂಥವನ್ನು ಒಂದಷ್ಟು ಓದಿದವರಿಗೆ ಅಚ್ಚು ಗುರುತಾಗುತ್ತದೆ. ಒಂದು ಗುಂಪಿಗೆ ಈ ಸ್ಟ್ರೆಚಿಂಗ್, ಇನ್ನೊಂದಕ್ಕೆ ಆ ಸ್ಟ್ರೆಚಿಂಗ್, ಗುಂಪಿಗೆ ಹದಿನೈದೋ ಇಪ್ಪತ್ತೋ ಜನ, ಮೂರ್ನಾಲ್ಕು ವಾರ. ಎರಡೂ ಗುಂಪಿನಲ್ಲಿ ಸುಧಾರಣೆ, ಒಂದರಲ್ಲಿ ತುಸು ಹೆಚ್ಚು, ಪಿ ಮೌಲ್ಯ 0.05ಕ್ಕಿಂತ ಕಡಿಮೆ. ಜನ ಯಾರು? ಬಹಳ ಸಲ ಅದೇ ಕಾಲೇಜಿನ ಹುಡುಗ ಹುಡುಗಿಯರು. ಅವರ ತೊಡೆಯ ಹಿಂಬದಿಯ ಸ್ನಾಯು ಬಿಗಿ, ಅವರ ಮೊಬೈಲ್ ಕುತ್ತಿಗೆ, ಅವರ ಬ್ಯಾಗಿನ ಭಾರ. ಇಪ್ಪತ್ತೆರಡು ವರ್ಷದವರ ತೊಡೆಯ ಹಿಂಬದಿ ಕರ್ನಾಟಕದಲ್ಲಿ ಇಷ್ಟೊಂದು ಕೂಲಂಕಷವಾಗಿ ಅಳೆಯಲ್ಪಟ್ಟಿದೆ. ಅರವತ್ತರ ಕೂಲಿಯವಳ ಮಂಡಿಗೆ ಆ ಭಾಗ್ಯವಿಲ್ಲ.

ಬೈದು ಬಿಡುವುದು ಸುಲಭ. ಆ ವಿದ್ಯಾರ್ಥಿಗೆ ಸಿಗುವುದು ಕೆಲವೇ ತಿಂಗಳು. ಪ್ರಯಾಣಕ್ಕೆ, ಊಟಕ್ಕೆ, ಪ್ರಶ್ನಾವಳಿ ಅಚ್ಚಿಗೆ ಖರ್ಚು ಕೈಯಿಂದಲೇ. ಗೈಡಿಗೆ ಪಾಠ, ಕ್ಲಿನಿಕ್ಕು, ಪರೀಕ್ಷೆ ಮೌಲ್ಯಮಾಪನ. ಬಡ್ತಿಗೆ ಪ್ರಕಟಣೆಯ ಸಂಖ್ಯೆ ಬೇಕು, ಪ್ರಶ್ನೆಯ ತೂಕ ಯಾರಿಗೂ ಬೇಡ. ಇಂಥ ಕಟ್ಟಿನಲ್ಲಿ ಕೈಗೆ ಹತ್ತಿರ ಸಿಕ್ಕವರ ತೊಡೆ ಅಳೆಯದೆ ಇನ್ನೇನು ಮಾಡಬೇಕು? ತಪ್ಪು ಹುಡುಗರದ್ದಲ್ಲ. ಆದರೆ ಇಂಥ ಸಾವಿರಾರು ಪ್ರಬಂಧಗಳನ್ನು ಗುಡ್ಡೆ ಹಾಕಿ "ಸಂಶೋಧನೆ ಬೇಕಾದಷ್ಟಿದೆ, ಹಳ್ಳಿಗೆ ತಲುಪಿಲ್ಲ" ಎಂದಾಗ ಮಾತ್ರ ತಡೆಯಬೇಕಾಗುತ್ತದೆ. ತಲುಪದಿದ್ದರೆ ನಷ್ಟವೇನು ಎಂದು ಕೇಳಬೇಕಾಗುತ್ತದೆ.

ನನ್ನ ವಾದದ ನಿಜವಾದ ಪರೀಕ್ಷೆ ಇರುವುದು ಇನ್ನೂ ಪಶ್ಚಿಮಕ್ಕೆ. ಈ ಸೀಮೆಯ ಎರಡು ಊರುಗಳ ಹೆಸರು ಲೋಕದ ವೈದ್ಯಕೀಯ ಪುಸ್ತಕಗಳಲ್ಲಿವೆ, ಎರಡೂ ಕಾಯಿಲೆಯ ಹೆಸರಾಗಿ. ಒಂದು ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದು ಅದಕ್ಕೆ ಊರಿನ ಹೆಸರಿಟ್ಟರು. ಇನ್ನೊಂದು ಸಾಗರ ತಾಲ್ಲೂಕಿನ ಹಂದಿಗೋಡು.

1970ರ ದಶಕದ ನಡುವೆ ಹಂದಿಗೋಡಿನಲ್ಲಿ ಒಂದು ವಿಚಿತ್ರ ಬೇನೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮಂಡಿ ಹಿಡಿದುಕೊಳ್ಳುತ್ತವೆ, ನೋಯುತ್ತವೆ, ನಡಿಗೆ ತೊನೆಯುತ್ತದೆ. ಕೆಲವರ ಎತ್ತರವೇ ಕುಂಠಿತವಾಗುತ್ತದೆ. ವಿಪರೀತವಾದಾಗ ಕೈಯೂರಿ ತೆವಳುವ ಸ್ಥಿತಿ. ಬಾಧೆಗೊಳಗಾದವರು ಬಹುತೇಕ ಚಲವಾದಿ, ಚನ್ನಂಗಿ ಸಮುದಾಯದ ಕೂಲಿ ಕುಟುಂಬಗಳು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತೆಂದು ಮೊದಲು ಗುಮಾನಿ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ವಂಶಪಾರಂಪರ್ಯ ಸಂಧಿವಾತ ಎಂದು ವರದಿ ಮಾಡಿದರು. ಮುಂದೆ ಎಕ್ಸ್-ರೇ ಅಧ್ಯಯನಗಳಾದವು, ವಂಶವೃಕ್ಷಗಳನ್ನು ಬರೆದರು. ಬೆನ್ನುಮೂಳೆ ಮತ್ತು ಉದ್ದಮೂಳೆಗಳ ತುದಿಯ ಬೆಳವಣಿಗೆಯ ದೋಷ, ಪ್ರಬಲ ವಂಶವಾಹಿಯಿಂದ ಬರುವಂಥದ್ದು ಎಂಬ ತೀರ್ಮಾನಕ್ಕೆ ಬಂದರು. ಪ್ರಬಲ ಎಂದರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಂದಿಗೂ ಪೇಟೆಯ ಮಾತಿನಲ್ಲಿ "ಅವರು ಹತ್ತಿರದ ಸಂಬಂಧದಲ್ಲಿ ಮದುವೆ ಮಾಡಿಕೊಳ್ಳೋದ್ರಿಂದ ಹಿಂಗಾಗಿದೆ" ಎಂಬ ತೀರ್ಪು ಕೇಳಿಸುತ್ತದೆ. ಸಮುದಾಯದೊಳಗೇ ಮದುವೆಯಾಗುವುದರಿಂದ ಅದು ಆ ಮನೆಗಳಲ್ಲೇ ಉಳಿದಿರಬಹುದು. ಆದರೆ ಪ್ರಬಲ ವಂಶವಾಹಿಗೆ ಸೋದರಮಾವನ ಮದುವೆಯೇ ಬೇಕೆಂದಿಲ್ಲ. ಕಾಯಿಲೆಯನ್ನು ಕಾಯಿಲೆಯವರ ನಡತೆಗೆ ಗಂಟುಹಾಕುವ ಚಾಳಿ ವ್ಯಾಯಾಮದ ವಿಷಯದಲ್ಲಿ ಹೇಗೋ ಇಲ್ಲೂ ಹಾಗೆಯೇ.

ಹಂದಿಗೋಡಿನ ಬಗ್ಗೆ ಬರೆದವರು ಹೆಚ್ಚಾಗಿ ಬಳಸಿದ ವಿಶೇಷಣ "ನಿಗೂಢ ಕಾಯಿಲೆ". ಅವರ ಬೇಡಿಕೆ "ಹೆಚ್ಚಿನ ಸಂಶೋಧನೆ". ಜಾತಿಯ ಕಾರಣಕ್ಕೆ, ಬಡತನದ ಕಾರಣಕ್ಕೆ ಇವರನ್ನು ಮರೆತದ್ದರ ವಿರುದ್ಧ ಎದ್ದ ದನಿಗಳೂ ಕೊನೆಗೆ ಬಂದು ನಿಲ್ಲುವುದು ಔಷಧ ಹುಡುಕಿ ಎಂಬಲ್ಲಿ. ನನ್ನ ತಕರಾರು ಇಲ್ಲೇ. ಮೂಳೆ ಬೆಳೆದ ರೀತಿಯನ್ನು ಬದಲಾಯಿಸುವ ಗುಳಿಗೆ ನಾಳೆ ಬೆಳಗ್ಗೆ ಬರುವುದಿಲ್ಲ. ಬಂದರೂ ಈಗ ನಲವತ್ತಾದವರ ಸೊಂಟಕ್ಕೆ ಬರುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ ಜಾತಿಯ ಸಂಶೋಧನೆ. ಬೆಳೆಯುವ ಮಗುವಿನ ಸೊಂಟದ ಸುತ್ತಲ ಸ್ನಾಯುಗಳನ್ನು ಗಟ್ಟಿ ಮಾಡಿದರೆ ತೊನೆತ ಎಷ್ಟು ವರ್ಷ ತಡವಾಗುತ್ತದೆ? ಯಾವ ಊರುಗೋಲು ಗದ್ದೆಯ ಬದುವಿನ ಮೇಲೆ ಜಾರುವುದಿಲ್ಲ? ಕೀಲು ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ಗುಡ್ಡದ ದಾರಿಯಲ್ಲಿ ನಡೆಯುವುದು ಹೇಗೆ? ಯಾವ ಕೂಲಿ ಕೆಲಸವನ್ನು ಹೇಗೆ ಮಾರ್ಪಡಿಸಿದರೆ ಇನ್ನೊಂದು ಹತ್ತು ವರ್ಷ ದುಡಿಯಬಹುದು? ಇದಾವುದಕ್ಕೂ ಪ್ರಯೋಗಾಲಯ ಬೇಡ, ಅಳೆಯುವ ಟೇಪು, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್, ಮುಖ್ಯವಾಗಿ ವರ್ಷಗಟ್ಟಲೆ ಅದೇ ಮನೆಗೆ ಹೋಗುವ ತಾಳ್ಮೆ ಬೇಕು. ಆದರೆ ಹಂದಿಗೋಡಿನ ಹೆಸರಿನಲ್ಲಿ ಬಂದ ಪ್ರಮುಖ ಪ್ರಬಂಧಗಳು ಮೂರು ವಿಷಯ ಬಿಟ್ಟು ಆಚೀಚೆ ಹೋಗುವುದಿಲ್ಲ: ರೋಗ ಯಾರಿಗಿದೆ, ಎಕ್ಸ್-ರೇಯಲ್ಲಿ ಹೇಗೆ ಕಾಣುತ್ತದೆ, ವಂಶದಲ್ಲಿ ಹೇಗೆ ಹರಿಯುತ್ತದೆ. ಈ ಅಧ್ಯಯನಗಳಿಗೆ ಮೈಯೊಡ್ಡಿದವರಿಗೆ ಉತ್ತರ ಸಿಕ್ಕಿದೆ, ಆದರೆ ಅದು ಅವರು ಕೇಳದ ಪ್ರಶ್ನೆಯ ಉತ್ತರ. ಅಪರೂಪದ ವಂಶವಾಹಿಗೆ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಜಾಗವಿದೆ. ಬದುವಿನ ಮೇಲೆ ಜಾರದ ಊರುಗೋಲಿಗೆ ಎಲ್ಲಿದೆ?

ಪುನರ್ವಸತಿ ವಿಜ್ಞಾನದ ಒಂದು ಅಳತೆ ಮಾತ್ರ ಈ ಊರುಗಳಿಗೆ ತಪ್ಪದೆ ತಲುಪಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಅದು ಅಂಗವೈಕಲ್ಯದ ಶೇಕಡಾವಾರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಕುಬ್ಜತೆಯೂ ಅದರಲ್ಲಿದೆ, ವಯಸ್ಕರ ಎತ್ತರ 4 ಅಡಿ 10 ಇಂಚು, ಅಂದರೆ 147 ಸೆಂಟಿಮೀಟರ್, ಅಥವಾ ಅದಕ್ಕೂ ಕಡಿಮೆ. ಶೇ 40 ಅಥವಾ ಹೆಚ್ಚಿದ್ದರೆ ಸವಲತ್ತು, ಶೇ 75 ದಾಟಿದರೆ ಹೆಚ್ಚಿನ ಮಾಸಾಶನ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು, ಕೋಷ್ಟಕ ನೋಡಿ, ಶೇಕಡಾ ಬರೆಯುತ್ತಾರೆ. ಮಂಡಿ ತೊಂಬತ್ತು ಡಿಗ್ರಿ ಮಡಚಿದರೆ ಕುರ್ಚಿಯಲ್ಲಿ ಕೂರಬಹುದು. ನೆಲಕ್ಕೆ ಕೂತು ದುಡಿಯುವವಳಿಗೆ ಆ ತೊಂಬತ್ತು ಡಿಗ್ರಿಯಿಂದ ಒಂದು ಡಬ್ಬ ಅಡಿಕೆಯೂ ಹುಟ್ಟುವುದಿಲ್ಲ. ಗುಮಾಸ್ತನಿಗೂ ಕೂಲಿಗೂ ಒಂದೇ ಶೇಕಡಾ. ಈ ಕೋಷ್ಟಕ ಮಾಡಿದವರೂ ತಜ್ಞರೇ.

ಈಗ ನನ್ನ ವಾದಕ್ಕೇ ಎದುರಾಗಿ ನಿಲ್ಲುವ ಸಾಕ್ಷ್ಯ. ಆಸ್ಪತ್ರೆ ಬಿಟ್ಟು ಮನೆಗೆ ಹೋಗಿ, ಮನೆಯವರನ್ನು ಕೇಳಿ ಎನ್ನುವವರ ಮುಂದೆ ಇಡಬೇಕಾದ ಪ್ರಯೋಗವೊಂದು ಭಾರತದಲ್ಲೇ ನಡೆದಿದೆ, ಹೆಸರು ಅಟೆಂಡ್. ಪಾರ್ಶ್ವವಾಯುವಾದ 1250 ರೋಗಿಗಳು, ದೇಶದ 14 ಆಸ್ಪತ್ರೆಗಳು. ಅರ್ಧ ಜನರ ಮನೆಯವರಿಗೆ ಸರಳ ವ್ಯಾಯಾಮ, ಎಬ್ಬಿಸುವುದು, ಕೂರಿಸುವುದು ಕಲಿಸಿಕೊಟ್ಟರು. ಇನ್ನರ್ಧಕ್ಕೆ ವಾಡಿಕೆಯ ಚಿಕಿತ್ಸೆ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಆರು ತಿಂಗಳ ಕೊನೆಗೆ ಸತ್ತವರು ಮತ್ತು ಪರಾವಲಂಬಿಯಾಗಿ ಉಳಿದವರು ಎರಡೂ ಕಡೆ ಶೇ 47. ಒಂದಿಷ್ಟೂ ವ್ಯತ್ಯಾಸವಿಲ್ಲ. ಮನೆಯವರಿಗೆ ಕಲಿಸಿದರೆ ಸಾಕು, ಫಿಸಿಯೋ ಬೇಕಿಲ್ಲ ಎಂದು ಅಗ್ಗದ ಪರಿಹಾರ ಹುಡುಕುತ್ತಿದ್ದವರಿಗೆಲ್ಲ ತಣ್ಣೀರು ಎರಚಿತು.

ನನಗೆ ಈ ಪ್ರಯೋಗದ ಮೇಲೆ ಗೌರವ, ಅದು ನನ್ನ ಕಡೆ ಸಾಕ್ಷಿ ಹೇಳದಿದ್ದರೂ. ಒಂದು, ಇಲ್ಲ ಎಂದು ಹೇಳುವ ಧೈರ್ಯ ಅದಕ್ಕಿತ್ತು. ಹದಿನೈದು ಜನರ ಗುಂಪಿನಲ್ಲಿ ಪ್ರತಿಸಲವೂ ಹೌದು ಎಂದೇ ಬರುವ ನೂರು ಥೀಸಿಸ್‌ಗಿಂತ ಈ ಒಂದು ಇಲ್ಲದಿಂದ ಕಲಿಯುವುದು ಹೆಚ್ಚು. ಎರಡು, ಅದು ಇಲ್ಲ ಎಂದದ್ದು ಯಾವುದಕ್ಕೆ ಎಂಬುದನ್ನು ನೋಡಬೇಕು. ಕಲಿಸಿದ ಪಾಠವನ್ನು ಮನೆಗೆ ಸಾಗಿಸಿದರೆ ಫಲ ಬರುತ್ತದೆ ಎಂಬ ಊಹೆಗೆ ಅದು ಇಲ್ಲ ಎಂದಿತು. ಹಾಗೆ ನೋಡಿದರೆ ಅದು ಸಾಗಾಟದ ನಂಬಿಕೆಗೇ ಬಿದ್ದ ಪೆಟ್ಟು. ಮನೆಯಲ್ಲಿ ಏನು ಮಾಡಬೇಕು ಎಂಬುದೇ ನಮಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಅದನ್ನು ಯಾರ ಕೈಲಿ ಕಳಿಸಿದರೇನು? ಸೊಸೆಯ ಕೈಲಿ ಕಳಿಸಿದರೆ ಅವಳ ಒಂದು ದಿನದ ಕೂಲಿಯೂ ಹೋಗುತ್ತದೆ.

2020ರ ಡಿಸೆಂಬರಿನಲ್ಲಿ ಬಂದ ಅಂದಾಜಿನ ಪ್ರಕಾರ ಪುನರ್ವಸತಿಯಿಂದ ಪ್ರಯೋಜನ ಪಡೆಯಬಹುದಾದವರು ಲೋಕದಲ್ಲಿ 241 ಕೋಟಿ, ಅವರಲ್ಲಿ ಸುಮಾರು 171 ಕೋಟಿ ಮೂಳೆ, ಕೀಲು, ಸ್ನಾಯುಗಳ ತೊಂದರೆಯವರು. ವಿಶ್ವ ಆರೋಗ್ಯ ಸಭೆ 2023ರಲ್ಲಿ ಇದರ ಬಗ್ಗೆ ನಿರ್ಣಯವನ್ನೂ ಮಾಡಿದೆ. ಇಂಥ ದೊಡ್ಡ ಅಂಕಿ ಬಂದ ಕೂಡಲೇ ಸಾಗಾಟದ ಮಾತು ಇನ್ನಷ್ಟು ಜೋರಾಗುತ್ತದೆ: ಇಷ್ಟು ಜನಕ್ಕೆ ಇಷ್ಟು ಫಿಸಿಯೋಗಳು, ಇಷ್ಟು ಆ್ಯಪ್‌ಗಳು, ಇಷ್ಟು ಟೆಲಿ ಸಮಾಲೋಚನೆ. ಝೆರಾಕ್ಸ್ ಹಾಳೆಯ ಅದೇ ಚಿತ್ರಗಳು ಫೋನಿನಲ್ಲಿ ಅಲುಗಾಡತೊಡಗುತ್ತವೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಬೆಂಗಳೂರಿನ ಹಳೆಯ ಉದಾಹರಣೆಗಳಿವೆ. ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, ಸಮುದಾಯ ಪುನರ್ವಸತಿಗೇ ಮೀಸಲಾಗಿ ಮಾಯಾ ಥಾಮಸ್ ಬೆಂಗಳೂರಿನಿಂದ ಸಂಪಾದಿಸಿದ ಸಂಶೋಧನಾ ಪತ್ರಿಕೆ. ಇವರ ಅನುಭವದ ಬಹುಪಾಲು ವಿಶ್ವವಿದ್ಯಾಲಯದ ಗೋಡೆಯ ಹೊರಗೆ ಹುಟ್ಟಿದ್ದು, ಹೊರಗೇ ಉಳಿಯಿತು. ಸರ್ಕಾರದಲ್ಲೂ ಒಂದು ಜಾಲ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ಕರೆಯುವುದು ವಿಆರ್‌ಡಬ್ಲ್ಯು ಎಂದು; ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರೇ ಅಂಗವಿಕಲರು, ಸಣ್ಣ ಗೌರವಧನ, ಮೂರುಗಾಲಿಯ ಸ್ಕೂಟರಿನಲ್ಲಿ ಓಡಾಟ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ, ಮಾಸಾಶನದ ಕಾಗದ ಇವೇ ಅವರ ದಿನಚರಿ. ಯಾವ ಮನೆಯಲ್ಲಿ ಯಾರು ಹೇಗೆ ಏಳುತ್ತಾರೆ, ಯಾರ ಊರುಗೋಲಿನ ರಬ್ಬರು ಸವೆದಿದೆ, ಯಾರಿಗೆ ಕೊಟ್ಟ ಕಾಲಿನ ಕ್ಯಾಲಿಪರ್ ಅಟ್ಟದ ಮೇಲಿದೆ ಎಂದು ಅವರಿಗೆ ಗೊತ್ತು. ಸಂಶೋಧಕರು ಊರಿಗೆ ಬಂದಾಗ ಅವರಿಂದ ಪಡೆಯುವುದು ಮನೆಗಳ ಪಟ್ಟಿ ಮಾತ್ರ. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಅದು ದೊಡ್ಡದು, ಸಹಲೇಖಕರ ಸಾಲಿನಲ್ಲಿ ಅವರ ಹೆಸರು ಬರುವ ಮಾತೇ ಇಲ್ಲ.

ಈ ವರ್ಷ ಸಿನಾಪ್ಸಿಸ್ ಬರೆಯಲು ಕೂತ ಎಂಪಿಟಿಯವರಿಗೆ ನನ್ನ ಕಡೆಯಿಂದ ಒಂದು ವಿಷಯ. ಸುಗ್ಗಿಯ ಹೊತ್ತಿಗೆ ತೊಗರ್ಸಿ ಕಡೆ ಬನ್ನಿ. ಅಡಿಕೆ ಸುಲಿಯುವ ಹೆಂಗಸರಿಗೆ ಕೂರಲು ನಾಲ್ಕು ಇಂಚು, ಆರು ಇಂಚು, ಎಂಟು ಇಂಚು ಎತ್ತರದ ಮಣೆಗಳನ್ನು ಕೊಡಿ, ಮೆಟ್ಟುಗತ್ತಿಯನ್ನೂ ಅಷ್ಟಷ್ಟೇ ಎತ್ತರಿಸಿ. ಯಾವ ಎತ್ತರಕ್ಕೆ ರಾತ್ರಿಯ ಮಂಡಿನೋವು ಇಳಿಯಿತು, ನೆಲದಿಂದ ಏಳುವ ಶಕ್ತಿ ಸುಗ್ಗಿಯ ಕೊನೆಗೂ ಉಳಿಯಿತೇ ಎಂದು ಅಳೆಯಿರಿ. ಕಾಲುಚೀಲದ ಪ್ರಶ್ನೆಗಳನ್ನು ತೆಗೆದು, ಏನು ಕೇಳಬೇಕೆಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಮಣೆ ಎತ್ತರವಾದಷ್ಟೂ ಕೈಯ ವೇಗ ಇಳಿಯಬಹುದು, ದಿನದ ಡಬ್ಬ ಕಡಿಮೆಯಾಗಬಹುದು. ಎಷ್ಟು ಕಡಿಮೆ, ಆ ಕೂಲಿಯನ್ನು ತೋಟದವರು ತುಂಬಿಕೊಡುತ್ತಾರೋ, ಅಥವಾ ಮಂಡಿ ಉಳಿಸಿಕೊಂಡವಳೇ ಕಳೆದುಕೊಳ್ಳಬೇಕೋ, ಅದಕ್ಕೂ ಕೋಷ್ಟಕದಲ್ಲಿ ಒಂದು ಕಾಲಂ ಹಾಕಿ.